ಗುರುತ್ವದ ಏರಿಳಿತ ಅಳೆಯಲು ಯಾವುದು ಸರಿ: ಮೊಬೈಲೋ, ಲೋಲಕವೋ, ತಕ್ಕಡಿಯೋ?

ಗುರುತ್ವ ವೇಗೋತ್ಕರ್ಷ ಎಷ್ಟು ಎಂದರೆ ಪಠ್ಯಪುಸ್ತಕ 9.8 ಎನ್ನುತ್ತದೆ. ಲೆಕ್ಕ ಸಲೀಸಾಗಲಿ ಎಂದು ಪರೀಕ್ಷೆಯಲ್ಲಿ 10 ಎಂದೂ ಹಿಡಿಯುತ್ತೇವೆ. ಮೈಸೂರು, ಮಂಡ್ಯಗಳ ನಿಜವಾದ ಅಂಕಿ ಸುಮಾರು 9.78. ಅಂದರೆ ಇಲ್ಲಿ ಕೈಬಿಟ್ಟ ಕಲ್ಲಿನ ವೇಗ ಒಂದೊಂದು ಸೆಕೆಂಡ್ ಕಳೆದಂತೆಯೂ ಸೆಕೆಂಡಿಗೆ 9.78 ಮೀಟರಿನಷ್ಟು ಏರುತ್ತದೆ. ಧ್ರುವಗಳಲ್ಲಿ ಇದು 9.832, ಸಮಭಾಜಕದ ಕಡಲತೀರದಲ್ಲಿ 9.780. ಇಡೀ ಭೂಮಿಯ ಮೇಲೆ ಗುರುತ್ವ ವೇಗೋತ್ಕರ್ಷ ಏರಿಳಿಯುವುದು ಸರಿಸುಮಾರು ಇಷ್ಟರೊಳಗೆ, ನೂರಕ್ಕೆ ಅರ್ಧ ಪಾಲು. ಅದನ್ನು ಇನ್ನು ಮುಂದೆ ಚಿಕ್ಕದಾಗಿ ಜಿ ಎಂದು ಕರೆಯೋಣ.

ಈ ಅರ್ಧ ಪಾಲು ಬರುವುದು ಎರಡು ಕಡೆಯಿಂದ. ಭೂಮಿ ತಿರುಗುತ್ತಿರುವುದರಿಂದ ಸಮಭಾಜಕದಲ್ಲಿರುವವರನ್ನು ಹೊರಕ್ಕೆ ಎಸೆಯುವ ಪ್ರವೃತ್ತಿ ಇದೆ, 0.052ರ ವ್ಯತ್ಯಾಸದಲ್ಲಿ 0.034 ಅದರದ್ದೇ. ಉಳಿದದ್ದು ಭೂಮಿ ಸೊಂಟದಲ್ಲಿ ಉಬ್ಬಿರುವುದರಿಂದ. ಸಮಭಾಜಕದಲ್ಲಿ ನಿಂತವರು ಭೂಮಿಯ ಕೇಂದ್ರದಿಂದ ಧ್ರುವದವರಿಗಿಂತ 21 ಕಿಲೋಮೀಟರ್ ಹೆಚ್ಚು ದೂರದಲ್ಲಿದ್ದಾರೆ. ಇವೆರಡರ ಮೇಲೆ ನಾವಿರುವ ಎತ್ತರ, ಕಾಲಡಿಯ ಬಂಡೆಯ ಸಾಂದ್ರತೆ ಸೇರಿಕೊಳ್ಳುತ್ತವೆ.

ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನು ಆರಿಸಿಕೊಳ್ಳುವ ಮಕ್ಕಳೂ, ಅವರಿಗಿಂತ ಹೆಚ್ಚು ಉತ್ಸಾಹದ ಅಪ್ಪ ಅಮ್ಮಂದಿರೂ ಮೊದಲು ಕೇಳುವುದು ಯಾವ ಉಪಕರಣ ಕೊಳ್ಳಬೇಕು ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಜಿ ಎಷ್ಟು ಎಂದು ತಿಳಿಯಬೇಕೋ, ಅಥವಾ ಜಿ ಎಷ್ಟು ಬದಲಾಯಿತು ಎಂದು ತಿಳಿಯಬೇಕೋ? ಕೇಳಲು ಒಂದೇ ಥರ ಇದ್ದರೂ ಇವಕ್ಕೆ ಬೇರೆ ಬೇರೆ ಉಪಕರಣ ಬೇಕು. ಮೊದಲನೆಯದಕ್ಕೆ ಉದ್ದವನ್ನೂ ಸಮಯವನ್ನೂ ಕರಾರುವಾಕ್ಕಾಗಿ ಅಳೆಯಬೇಕು. ಎರಡನೆಯದಕ್ಕೆ ಉಪಕರಣ ತಪ್ಪು ತೋರಿಸಿದರೂ ನಡೆಯುತ್ತದೆ, ಎರಡೂ ಊರಲ್ಲಿ ಒಂದೇ ತಪ್ಪನ್ನು ತೋರಿಸಿದರೆ ಸಾಕು. ಮನೆ ಪ್ರಯೋಗಗಳು ಸೋಲುವುದು ಹೆಚ್ಚಾಗಿ ಇವೆರಡನ್ನು ಬೆರೆಸಿದಾಗ.

ಎಲ್ಲಿಗೆ ಹೋಗಬೇಕು ಎಂಬುದು ಮೊದಲು

ಉಪಕರಣ ಆರಿಸುವ ಮೊದಲು ಬಸ್ಸು ಆರಿಸಿ. ನಮ್ಮ ಕಡೆಯಿಂದ ಯಾವ ಊರಿಗೆ ಹೋದರೆ ಎಷ್ಟು ವ್ಯತ್ಯಾಸ ಸಿಗುತ್ತದೆ ಎಂಬುದನ್ನು ಕಾಗದದ ಮೇಲೇ ಲೆಕ್ಕ ಹಾಕಬಹುದು. ಒಂದು ಮೀಟರ್ ಮೇಲೇರಿದರೆ ಜಿ 0.000003ರಷ್ಟು ಇಳಿಯುತ್ತದೆ. ಆದರೆ ನಾವು ಮೇಲೇರುವುದು ಬಲೂನಿನಲ್ಲಲ್ಲ, ಬೆಟ್ಟದ ಮೇಲೆ. ಕಾಲಡಿಯ ಬೆಟ್ಟವೂ ನಮ್ಮನ್ನು ಸೆಳೆಯುತ್ತದೆ. ಅಗಲವಾದ ಪ್ರಸ್ಥಭೂಮಿಯಾದರೆ ಇಳಿದದ್ದರಲ್ಲಿ ಮೂರನೇ ಒಂದು ಪಾಲನ್ನು ಅದು ವಾಪಸು ಕೊಡಬಲ್ಲದು. ಹಾಗಾಗಿ ಕೆಳಗಿನ ಅಂಕಿಗಳನ್ನು ಒಂದೇ ಸಂಖ್ಯೆಯಾಗಿ ಕೊಡದೆ, ಇಷ್ಟರಿಂದ ಇಷ್ಟರವರೆಗೆ ಎಂದು ಕೊಟ್ಟಿದ್ದೇನೆ. ಅಳತೆಗೋಲಾಗಿ 200 ಗ್ರಾಂನ ಉಕ್ಕಿನ ಬಟ್ಟನ್ನು ಇಟ್ಟುಕೊಂಡಿದ್ದೇನೆ. ಮೈಸೂರಿನಲ್ಲಿ ಸರಿಯಾಗಿ 200.00 ತೋರಿಸುವಂತೆ ಹೊಂದಿಸಿದ ಡಿಜಿಟಲ್ ತಕ್ಕಡಿ ಬೇರೆ ಊರಲ್ಲಿ ಏನು ತೋರಿಸೀತು ಎಂಬುದೇ ಪ್ರಶ್ನೆ.

ಚಾಮುಂಡಿ ಬೆಟ್ಟ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಬುಡದಿಂದ ಸುಮಾರು 300 ಮೀಟರ್ ಏರು. ಇಷ್ಟಕ್ಕೆ ಸಿಗುವುದು 0.01ರಿಂದ 0.02 ಗ್ರಾಂ ಇಳಿಕೆ. ಅಗ್ಗದ ತಕ್ಕಡಿಯ ಕೊನೆಯ ಅಂಕಿ ಒಂದೋ ಎರಡೋ ಸಲ ಕದಲಿದಂತೆ. ಅದು ಗುರುತ್ವದಿಂದ ಆಯಿತೋ, ಮೆಟ್ಟಿಲು ಹತ್ತಿ ಬಿಸಿಯಾದ ಕೈಯಿಂದ ಆಯಿತೋ ಹೇಳಲಾಗದು. ನಂದಿಯ ಹತ್ತಿರ ನಿಂತು ಅರ್ಧ ದಾರಿಯ ಅಳತೆ ತೆಗೆಯುವ ಯೋಚನೆಯನ್ನಂತೂ ಬಿಟ್ಟುಬಿಡಿ, ದರ್ಶನ ಮಾಡಿಕೊಂಡು ಬನ್ನಿ.

ಬೆಂಗಳೂರು ಇನ್ನೊಂದು ಮೋಸ. ಅದು ಮೈಸೂರಿಗಿಂತ 150 ಮೀಟರ್ ಎತ್ತರ, ಆದ್ದರಿಂದ ಜಿ ಕಡಿಮೆಯಾಗಬೇಕು. ಆದರೆ ಸ್ವಲ್ಪ ಉತ್ತರಕ್ಕೂ ಇದೆ, ಆದ್ದರಿಂದ ಜಿ ಹೆಚ್ಚಾಗಬೇಕು. ಎರಡೂ ಒಂದನ್ನೊಂದು ಬಹುಪಾಲು ಹೊಡೆದುಹಾಕುತ್ತವೆ. ರೈಲಿನಲ್ಲಿ ಎಷ್ಟು ಸಲ ಓಡಾಡಿದರೂ ತಕ್ಕಡಿ ಮಿಸುಕುವುದಿಲ್ಲ. ಮಂಡ್ಯ ಮೈಸೂರಿಗಿಂತ ಸುಮಾರು 90 ಮೀಟರ್ ತಗ್ಗಿನಲ್ಲಿದೆ, ಅಲ್ಲಿಯೂ ವ್ಯತ್ಯಾಸ 0.01 ಗ್ರಾಂ ಮುಟ್ಟುವುದಿಲ್ಲ.

ಮಂಗಳೂರು ಪರವಾಗಿಲ್ಲ. ಕಡಲಮಟ್ಟಕ್ಕೆ ಇಳಿಯುವುದರಿಂದ 0.035ರಿಂದ 0.05 ಗ್ರಾಂ ಏರಿಕೆ, ಅಂದರೆ ಕೊನೆಯ ಅಂಕಿಯಲ್ಲಿ ನಾಲ್ಕೈದು ಹೆಜ್ಜೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇಳಿಕೆ 0.03ರಿಂದ 0.05.

ನಮ್ಮ ಭಾಗದವರಿಗೆ ಊಟಿಗಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ 2,240 ಮೀಟರ್ ಎತ್ತರ. ಮೈಸೂರಿಗಿಂತ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ, ಮೇಲಾಗಿ ಒಂದಿಷ್ಟು ದಕ್ಷಿಣಕ್ಕೆ. ಇಲ್ಲಿ ಎತ್ತರ, ಅಕ್ಷಾಂಶ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. 200 ಗ್ರಾಂ ಬಟ್ಟು 0.06ರಿಂದ 0.10 ಗ್ರಾಂ ಹಗುರವಾಗಬೇಕು. ಅದೇ ವಾರ ಮಂಗಳೂರಿಗೂ ಹೋಗುವವರಿದ್ದರೆ ಎರಡನ್ನೂ ಸೇರಿಸಿ ಹತ್ತಕ್ಕೂ ಹೆಚ್ಚು ಹೆಜ್ಜೆಗಳ ವ್ಯತ್ಯಾಸ ಸಿಗುತ್ತದೆ, ಅದನ್ನು ಯಾರೂ ಕಾಕತಾಳೀಯ ಎನ್ನಲಾರರು.

ದೆಹಲಿಯಲ್ಲಿ ಯಾರಾದರೂ ನೆಂಟರಿದ್ದರೆ ಕೆಲಸ ಇನ್ನೂ ಸುಲಭ. ಅಲ್ಲಿ ಜಿ ಸುಮಾರು 9.791, ಬಟ್ಟು 0.22 ಗ್ರಾಂ ಹೆಚ್ಚು ತೂಗುತ್ತದೆ. ದುಬೈನಲ್ಲಿ ಹೆಚ್ಚುಕಡಿಮೆ 0.18, ಲಂಡನ್ನಿನಲ್ಲಿ 0.6ಕ್ಕೂ ಮಿಗಿಲು. ಮೈಸೂರಿನಲ್ಲಿ ಮನೆಗೊಬ್ಬರು ಹೊರದೇಶದಲ್ಲಿರುವುದರಿಂದ ಇದು ಅಂಥ ಕಷ್ಟದ ಏರ್ಪಾಡಲ್ಲ. ಆದರೆ ಸಿಂಗಪುರದ ನೆಂಟರು ಈ ಕೆಲಸಕ್ಕೆ ಬಾರದವರು. ಆ ಊರು ಸಮಭಾಜಕದ ಪಕ್ಕದಲ್ಲೇ ಇದ್ದರೂ ಕಡಲಮಟ್ಟದಲ್ಲಿದೆ, ನಾವು ಸ್ವಲ್ಪ ಉತ್ತರದಲ್ಲಿದ್ದರೂ ಎತ್ತರದಲ್ಲಿದ್ದೇವೆ. ಲೆಕ್ಕ ಹಾಕಿದರೆ ಎರಡೂ ಕಡೆ ಜಿ ಹೆಚ್ಚುಕಡಿಮೆ ಒಂದೇ.

"ಸಾರ್, ಕೆಆರ್‌ಎಸ್ ತುಂಬಿದರೆ ಜಿ ಬದಲಾಗುತ್ತಾ?" ಮಂಡ್ಯದ ಹುಡುಗರು ಕೇಳದೇ ಇರದ ಪ್ರಶ್ನೆ ಇದು. ಬದಲಾಗುತ್ತದೆ. 124.80 ಅಡಿ, ಎಂದರೆ 38 ಮೀಟರ್ ಆಳದ ನೀರು ಬಹಳ ಅಗಲಕ್ಕೆ ಹರಡಿದೆ ಎಂದು ಉದಾರವಾಗಿ ಲೆಕ್ಕ ಹಿಡಿದರೂ ನೀರಿನ ಮೇಲೆ ನಿಂತವರಿಗೆ ಹೆಚ್ಚುವ ಸೆಳೆತ 0.000016. ನಮ್ಮ ಬಟ್ಟಿನ ಮೇಲೆ ಅದರ ಪರಿಣಾಮ ಒಂದು ಮಿಲಿಗ್ರಾಂನ ಮೂರನೇ ಒಂದು ಭಾಗ. ವೃತ್ತಿಪರರ ಗುರುತ್ವಮಾಪಕಕ್ಕೆ ಅದು ಲೀಲಾಜಾಲ, ನಮ್ಮ ಯಾವ ಉಪಕರಣಕ್ಕೂ ಸಿಗದು.

ಮೊಬೈಲ್: ಕಲಿಯಲು ಚೆನ್ನ, ಅಳೆಯಲು ಅಲ್ಲ

ಕೈಯಲ್ಲೇ ಇರುವುದರಿಂದ ಎಲ್ಲರೂ ಮೊದಲು ಇದನ್ನೇ ಎತ್ತಿಕೊಳ್ಳುತ್ತಾರೆ. ಫೋನಿನೊಳಗಿನ ವೇಗೋತ್ಕರ್ಷ ಸಂವೇದಕವನ್ನು ಓದಲು ಫೈಫಾಕ್ಸ್‌ನಂಥ ಉಚಿತ ಆ್ಯಪ್‌ಗಳಿವೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು ಅದು. ಮೇಜಿನ ಮೇಲೆ ಫೋನ್ ಇಟ್ಟರೆ 9.7 ಎಂದೋ 9.85 ಎಂದೋ ಬರುತ್ತದೆ, ಪಕ್ಕದವರ ಫೋನಿನಲ್ಲಿ ಇನ್ನೊಂದು. ನೂರರಲ್ಲೊಂದು ಪಾಲು ಆಚೀಚೆ ಆಗುವುದು ಈ ಸಂವೇದಕಗಳಿಗೆ ಮಾಮೂಲು. ಧ್ರುವದಿಂದ ಸಮಭಾಜಕದವರೆಗಿನ ಒಟ್ಟು ವ್ಯತ್ಯಾಸವೇ ಇದರ ಅರ್ಧ ಎಂಬುದನ್ನು ನೆನಪಿಡಿ.

ಇದನ್ನು ಸ್ವಲ್ಪ ಪಳಗಿಸಬಹುದು. ಫೋನನ್ನು ಮುಖ ಮೇಲಾಗಿ ಒಮ್ಮೆ, ಬೋರಲಾಗಿ ಒಮ್ಮೆ ಇಟ್ಟು, ಚಿಹ್ನೆ ಬಿಟ್ಟು ಎರಡರ ಸರಾಸರಿ ತೆಗೆದರೆ ಸೊನ್ನೆಯ ತಪ್ಪು ಕಳೆದುಹೋಗುತ್ತದೆ. ಆದರೂ ಶಾಖಕ್ಕೆ ತಕ್ಕಂತೆ ಅದರ ಓದು ಜಾರುತ್ತಲೇ ಇರುತ್ತದೆ. ಊಟಿಯ ಚಳಿಯಲ್ಲಿ ತೆಗೆದ ಓದು ಗುರುತ್ವವನ್ನು ಹೇಳುತ್ತಿದೆಯೋ ಚಳಿಯನ್ನು ಹೇಳುತ್ತಿದೆಯೋ ಬೇರ್ಪಡಿಸಲಾಗದು. ಲಿಫ್ಟ್ ಹೊರಡುವಾಗ, ನಿಲ್ಲುವಾಗ ರೇಖೆ ಹೇಗೆ ಏರಿಳಿಯುತ್ತದೆ ಎಂದು ತೋರಿಸಲು ಮಾತ್ರ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಗುಂಡು ಬೀಳಿಸಿ ಸಮಯ ಹಿಡಿಯುವ ವಿಧಾನವೂ ಫೋನಿನಲ್ಲೇ ಆಗುತ್ತದೆ, ಶಬ್ದದಿಂದ ಶುರುವಾಗಿ ಶಬ್ದಕ್ಕೆ ನಿಲ್ಲುವ ಗಡಿಯಾರದಿಂದ. ಒಂದೂವರೆ ಮೀಟರ್ ಎತ್ತರದಿಂದ ಬೀಳಲು 0.554 ಸೆಕೆಂಡ್ ಬೇಕು. ಅದರಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗ ತಪ್ಪಿದರೂ ಜಿ 0.035ರಷ್ಟು ಅಲುಗಾಡುತ್ತದೆ, ಅದು ಮೈಸೂರು ಮತ್ತು ಲಂಡನ್ ನಡುವಿನ ವ್ಯತ್ಯಾಸದಷ್ಟು. ನಿಧಾನಗತಿಯ ವಿಡಿಯೋ ಇನ್ನೂ ಒರಟು. ಹತ್ತನೇ ತರಗತಿಗೆ 9.8ರ ಸುತ್ತಮುತ್ತ ಏನೋ ಬರುತ್ತದೆ ಎಂದು ತೋರಿಸಬೇಕಿದ್ದರೆ ಮಾಡಿ.

ಸ್ಪ್ರಿಂಗ್ ತಕ್ಕಡಿಯದ್ದೂ ಅಷ್ಟೇ. ಸಿದ್ಧಾಂತ ಸರಿ, ವೃತ್ತಿಪರರ ಗುರುತ್ವಮಾಪಕಗಳಲ್ಲಿ ಎಷ್ಟೋ ನಿಂತಿರುವುದು ಸ್ಪ್ರಿಂಗಿನ ಮೇಲೇ. ಅಂಗಡಿಯಲ್ಲಿ ಸಿಗುವ ಸ್ಪ್ರಿಂಗಿನ ಗೆರೆಗಳನ್ನು ಕಣ್ಣಿನಿಂದ ಓದಿ ಸಾವಿರದಲ್ಲಿ ಅರ್ಧ ಪಾಲನ್ನು ಹಿಡಿಯಲಾಗದು, ಅಷ್ಟೇ.

ಲೋಲಕ: ಮನೆಯಲ್ಲೇ ಕೂತು ಜಿ ತಿಳಿಯುವವರಿಗೆ

ಗುರುತ್ವ ಎಲ್ಲೆಡೆ ಒಂದೇ ಅಲ್ಲ ಎಂದು ಜಗತ್ತಿಗೆ ಹೇಳಿದ್ದೇ ಲೋಲಕ. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಷೆ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋದಾಗ ಅವನ ಲೋಲಕ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿಪಡಿಸಲು ಲೋಲಕವನ್ನು ಮೂರು ಮಿಲಿಮೀಟರಿನ ಹತ್ತಿರಹತ್ತಿರ ಗಿಡ್ಡ ಮಾಡಬೇಕಾಯಿತು. ಈ ಲೆಕ್ಕವನ್ನು ನಮ್ಮ ದೇಶಕ್ಕೆ ತಂದರೆ, ದೆಹಲಿಯಲ್ಲಿ ಸರಿಹೊಂದಿಸಿದ ಗೋಡೆಯ ಗಡಿಯಾರವನ್ನು ಮೈಸೂರಿನಲ್ಲಿ ನೇತುಹಾಕಿದರೆ ದಿನಕ್ಕೆ 50 ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ.

ಆಮೇಲೆ ಇದನ್ನು ಶಾಸ್ತ್ರಶುದ್ಧ ಉಪಕರಣ ಮಾಡಿದವನು ಹೆನ್ರಿ ಕೇಟರ್, 1817ರಲ್ಲಿ, ಲಂಡನ್ನಿನಲ್ಲಿ. ಎರಡೂ ತುದಿಯಿಂದ ತೂಗುಹಾಕಬಹುದಾದ ಲೋಲಕ ಅವನದ್ದು. ಈ ಕೇಟರ್ ಅದಕ್ಕೂ ಮೊದಲು ದಕ್ಷಿಣ ಭಾರತದಲ್ಲಿ ವಿಲಿಯಂ ಲ್ಯಾಂಬ್ಟನ್ನನ ಸರ್ವೆ ತಂಡದಲ್ಲಿದ್ದವನು, ನಮ್ಮ ಊಬಿನ ಹುಲ್ಲಿನ ಮುಳ್ಳು ತೇವಕ್ಕೆ ತಿರುಚಿಕೊಳ್ಳುವುದನ್ನು ನೋಡಿ ಅದರಿಂದಲೇ ಗಾಳಿಯ ತೇವ ಅಳೆಯುವ ಸಾಧನ ಮಾಡಿದವನು. ಹೊಲದ ಬದುವಿನಲ್ಲಿ ಪಂಚೆಗೆ ಅಂಟಿಕೊಳ್ಳುವ ಆ ಊಬು ಉಪಕರಣವಾಗಬಹುದು ಎಂದು ಹೊಳೆಯಬೇಕಾದರೆ ಅಂಥದ್ದೇ ಕಣ್ಣು ಬೇಕು. 1865ರಿಂದ ಸರ್ವೆ ಇಲಾಖೆಯ ಜೇಮ್ಸ್ ಬಸೇವಿ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಲೋಲಕ ತೂಗಿಸುತ್ತ ಭಾರತದ ಉದ್ದಗಲಕ್ಕೂ ಜಿ ಅಳೆದ. 1871ರಲ್ಲಿ ಲಡಾಖಿನ ಎತ್ತರದಲ್ಲಿ ಈ ಕೆಲಸದ ನಡುವೆಯೇ ತೀರಿಕೊಂಡ. ಹಿಮಾಲಯದ ರಾಶಿಯನ್ನು ನೋಡಿದರೆ ಇರಬೇಕಾದಷ್ಟು ಸೆಳೆತ ಅಲ್ಲಿಲ್ಲ ಎಂಬುದು ಅವನ ಅಳತೆಗಳಿಂದ ಕಂಡುಬಂತು.

ಮನೆಯಲ್ಲಿ ಮಾಡುವುದಾದರೆ ಹಳೇ ಮೈಸೂರಿನ ಮನೆಗಳ ತೊಲೆಯಲ್ಲಿ ಉಯ್ಯಾಲೆಗೆಂದು ಬಡಿದ ಕಬ್ಬಿಣದ ಕೊಂಡಿಗಿಂತ ಒಳ್ಳೆಯ ಆಸರೆ ಸಿಗದು. ಸ್ಟ್ಯಾಂಡು, ಕಿಟಕಿಯ ಸರಳು ಲೋಲಕದ ಜೊತೆ ತಾವೂ ಚೂರು ತೂಗುತ್ತವೆ, ಅಷ್ಟಕ್ಕೇ ಒಮ್ಮೆ ಹೋಗಿ ಬರುವ ಅವಧಿ ಕೆಡುತ್ತದೆ. ಗುಂಡಿಗೆ ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ಹಿತ್ತಾಳೆಯದ್ದು ಆಗುತ್ತದೆ. ನೂಲಿನ ದಾರ ಬೇಡ, ಅದು ಹಿಗ್ಗುತ್ತದೆ, ಮಳೆಗಾಲದಲ್ಲಿ ಉದ್ದ ಬದಲಿಸುತ್ತದೆ. ವೀಣೆಯ ಉಕ್ಕಿನ ತಂತಿ ತನ್ನಿ, ಮೈಸೂರಿನಲ್ಲಿ ಅದಕ್ಕೇನು ಬರ.

ಒಂದು ಮೀಟರ್ ಉದ್ದದ ಲೋಲಕ ಇಲ್ಲಿ ಒಂದು ಸುತ್ತು ಹೋಗಿ ಬರಲು 2.009 ಸೆಕೆಂಡ್ ತೆಗೆದುಕೊಳ್ಳುತ್ತದೆ. ಉದ್ದವನ್ನು 39.48ರಿಂದ ಗುಣಿಸಿ ಅವಧಿಯ ವರ್ಗದಿಂದ ಭಾಗಿಸಿದರೆ ಜಿ. ಸೂತ್ರ ಸುಲಭ, ಉದ್ದ ಅಳೆಯುವುದೇ ಕಷ್ಟ. ಒಂದು ಮಿಲಿಮೀಟರ್ ತಪ್ಪಿದರೆ ಜಿ 0.01ರಷ್ಟು ತಪ್ಪುತ್ತದೆ, ಮೈಸೂರು–ದೆಹಲಿ ವ್ಯತ್ಯಾಸ ಪೂರ್ತಿ ಅದರಲ್ಲೇ ಮುಳುಗಿತು. ಗುಂಡಿನ ಮಧ್ಯಬಿಂದು ಎಲ್ಲಿದೆ ಎಂಬ ತಕರಾರು ಬೇರೆ. ಇದಕ್ಕೊಂದು ಜಾಣ ದಾರಿ ಇದೆ. ಒಂದೇ ತಂತಿಯನ್ನು ಎರಡು ಉದ್ದಗಳಲ್ಲಿ ತೂಗಿಸಿ, ಉದ್ದಗಳ ವ್ಯತ್ಯಾಸವನ್ನೂ ಅವಧಿಗಳ ವರ್ಗಗಳ ವ್ಯತ್ಯಾಸವನ್ನೂ ಅದೇ ಸೂತ್ರಕ್ಕೆ ಹಾಕಿ. ಮಧ್ಯಬಿಂದು ಎಲ್ಲೇ ಇರಲಿ, ಲೆಕ್ಕದಿಂದ ಹೊರಟುಹೋಗುತ್ತದೆ. ಎತ್ತರದ ಸೂರಿನ ಮನೆಯಾದರೆ ಮೂರು ಮೀಟರ್ ಲೋಲಕ ಇನ್ನೂ ಉತ್ತಮ, ಅದೇ ಒಂದು ಮಿಲಿಮೀಟರ್ ತಪ್ಪಿನ ಪೆಟ್ಟು ಮೂರನೇ ಒಂದಕ್ಕೆ ಇಳಿಯುತ್ತದೆ.

ಹೆಚ್ಚು ಜನ ಎಡವುವುದು ತೂಗಿನ ಅಗಲದಲ್ಲಿ. ಚೆನ್ನಾಗಿ ಕಾಣಲಿ ಎಂದು ಹತ್ತು ಡಿಗ್ರಿ ಎಳೆದು ಬಿಡುತ್ತಾರೆ. ಅಷ್ಟು ಅಗಲಕ್ಕೆ ಅವಧಿ ತುಸು ಹೆಚ್ಚಿ, 9.78 ಬರಬೇಕಾದಲ್ಲಿ 9.74 ಬರುತ್ತದೆ. ಒಂದು ಮೀಟರ್ ಲೋಲಕವನ್ನು ಪಕ್ಕಕ್ಕೆ ಐದು ಸೆಂಟಿಮೀಟರಿಗಿಂತ ಹೆಚ್ಚು ಎಳೆಯಬೇಡಿ.

ಸಮಯಕ್ಕೆ ಸ್ಟಾಪ್‌ವಾಚ್ ಸಾಕು, ಆದರೆ ತುಂಬ ಹೊತ್ತು ಬಿಡಬೇಕು. ಇಪ್ಪತ್ತು ತೂಗು ಎಣಿಸುವುದು ಶಾಲೆಯ ಅಭ್ಯಾಸ. ನಮ್ಮ ಕೈಯ ತಡ ಸೆಕೆಂಡಿನ ಐದನೇ ಒಂದು ಭಾಗ ಎಂದಿಟ್ಟುಕೊಂಡರೆ ಇಪ್ಪತ್ತು ತೂಗಿನಲ್ಲಿ ಜಿ ನೂರಕ್ಕೆ ಒಂದು ಪಾಲು ಹಾಳು. ಅರ್ಧ ಗಂಟೆ, ಸುಮಾರು 900 ತೂಗು ಬಿಟ್ಟರೆ ಅದೇ ತಡ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟನ್ನೂ ಎಣಿಸುತ್ತ ಕೂರಬೇಕಿಲ್ಲ. ಮೊದಲು ನೂರು ಎಣಿಸಿ ಅವಧಿ ತಿಳಿದುಕೊಳ್ಳಿ. ಅದರಿಂದ 400ನೇ ತೂಗು ಯಾವಾಗ ಬರಬೇಕು ಎಂದು ಗೊತ್ತಾಗುತ್ತದೆ, ಆ ಹೊತ್ತಿಗೆ ಬಂದು ಗುಂಡು ನಡುವೆ ಹಾಯುವುದನ್ನು ಹಿಡಿಯಿರಿ. ಅದರಿಂದ ಸಿಕ್ಕ ಇನ್ನೂ ನಿಖರವಾದ ಅವಧಿಯಿಂದ 900ನೆಯದನ್ನು ಹಿಡಿಯಿರಿ. ಮಧ್ಯೆ ಕಾಫಿ ಕುಡಿದು ಬರಬಹುದು. ನೂರರಿಂದ ನೇರ 900ಕ್ಕೆ ಹಾರಿದರೆ ಮಾತ್ರ ಒಂದು ತೂಗು ಹೆಚ್ಚೋ ಕಡಿಮೆಯೋ ಆಗುವ ಅಪಾಯ ಇದೆ.

ಹಾಗಾದರೆ ಇದನ್ನೇ ಊಟಿಗೆ ಒಯ್ದರೆ? ಒಯ್ಯಬಹುದು. ತಂತಿಯ ಮೇಲ್ತುದಿಯನ್ನು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಬಿಗಿದು, ಬಿಚ್ಚದೆ, ಮಡಿಚದೆ ಹಾಗೇ ಸಾಗಿಸಿದರೆ ಉದ್ದ ಎಷ್ಟೆಂದು ತಿಳಿಯುವ ಅಗತ್ಯವೇ ಇಲ್ಲ, ಅವಧಿಗಳನ್ನು ಮಾತ್ರ ಹೋಲಿಸಿದರಾಯಿತು. ತೊಂದರೆ ಚಳಿಯದ್ದು. ಊಟಿ 15 ಡಿಗ್ರಿ ತಂಪಾಗಿದ್ದರೆ ಉಕ್ಕಿನ ತಂತಿ ಕುಗ್ಗಿ ಲೋಲಕ ವೇಗವಾಗುತ್ತದೆ, ಹುಡುಕಲು ಹೋದ ಇಳಿಕೆಯಲ್ಲಿ ಅರ್ಧದಷ್ಟನ್ನು ಅದೊಂದೇ ಮುಚ್ಚಿಹಾಕುತ್ತದೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಎಂದು ಲೆಕ್ಕ ಹಾಕಿ ಸರಿಪಡಿಸಬೇಕು, ಅದಕ್ಕೊಂದು ಥರ್ಮಾಮೀಟರ್ ಬೇಕು. ಜೊತೆಗೆ ಅಲ್ಲಿ ಲಾಡ್ಜಿನ ಕೋಣೆಯಲ್ಲಿ ಉಯ್ಯಾಲೆಯ ಕೊಂಡಿ ಎಲ್ಲಿ ಹುಡುಕುತ್ತೀರಿ?

ಡಿಜಿಟಲ್ ತಕ್ಕಡಿ: ಪ್ರಯಾಣ ಮಾಡುವವರಿಗೆ

ವ್ಯತ್ಯಾಸವನ್ನೇ ನೋಡಬೇಕೆಂದಿದ್ದರೆ ನನ್ನ ಓಟು ಇದಕ್ಕೆ. ಇದು ಜಿ ಎಷ್ಟು ಎಂದು ಹೇಳಲಾರದು, ಬದಲಾದದ್ದನ್ನು ಮಾತ್ರ ಹೇಳುತ್ತದೆ. ಅದನ್ನು ಉಳಿದವುಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಆಲೆಮನೆಯಲ್ಲಿ ಬೆಲ್ಲ ತೂಗುವ ಎರಡು ತಟ್ಟೆಯ ತಕ್ಕಡಿಗೆ ಊಟಿಯೂ ಒಂದೇ, ಮಂಡ್ಯವೂ ಒಂದೇ. ಗುರುತ್ವ ಇಳಿದರೆ ಬೆಲ್ಲವೂ ಹಗುರ, ಕಲ್ಲೂ ಅಷ್ಟೇ ಹಗುರ. ಡಿಜಿಟಲ್ ತಕ್ಕಡಿ ಹಾಗಲ್ಲ. ಅದರೊಳಗೆ ಒಂದು ಲೋಹದ ತುಂಡು ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಆ ಬಾಗನ್ನು ವಿದ್ಯುತ್ತಿನಿಂದ ಅಳೆದು ಗ್ರಾಂ ಎಂದು ಬರೆಯುತ್ತದೆ. ಅಂದರೆ ಅದು ಅಳೆಯುವುದು ಬಲವನ್ನು, ನಮಗೆ ಬೇಕಾದದ್ದೂ ಅದೇ. 2012ರಲ್ಲಿ ಜರ್ಮನಿಯ ತಕ್ಕಡಿ ಕಂಪನಿ ಕೆರ್ನ್ ಒಂದು ತೋಟದ ಗೊಂಬೆಯನ್ನೂ ತಕ್ಕಡಿಯನ್ನೂ ಪೆಟ್ಟಿಗೆಯಲ್ಲಿಟ್ಟು ದಕ್ಷಿಣ ಧ್ರುವದವರೆಗೆ ಊರೂರಿಗೆ ಕಳಿಸಿ ಇದನ್ನೇ ಮಾಡಿ ತೋರಿಸಿತು. ಜಾಹೀರಾತೇ ಸರಿ, ಆದರೆ ಭೌತಶಾಸ್ತ್ರ ಗಟ್ಟಿ.

200 ಗ್ರಾಂವರೆಗೆ ತೂಗುವ, 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಪೂರ್ತಿ ಸಾಮರ್ಥ್ಯದ ಹತ್ತಿರ ತೂಗಿ. 20 ಗ್ರಾಂ ಇಟ್ಟರೆ ಊಟಿಯ ವ್ಯತ್ಯಾಸ ಒಂದು ಹೆಜ್ಜೆಯೂ ಆಗದು. ಅಶೋಕ ರಸ್ತೆಯ ಬೆಳ್ಳಿ–ಬಂಗಾರದ ಅಂಗಡಿಗಳಲ್ಲಿರುವಂಥ, ಮಿಲಿಗ್ರಾಂ ತೋರಿಸುವ ತಕ್ಕಡಿ ಬಳಸಲು ಸಿಕ್ಕರೆ ಚಾಮುಂಡಿ ಬೆಟ್ಟವೂ ಕೈಗೆಟುಕುತ್ತದೆ. ಆದರೆ ಅಂಥದ್ದನ್ನು ಬಸ್ಸಿನಲ್ಲಿ ಹೊತ್ತೊಯ್ಯಲು ಯಾವ ಅಂಗಡಿಯವರೂ ಕೊಡಲಾರರು, ಕೊಡಲೂಬಾರದು. (ಅಂದಹಾಗೆ, ಮೈಸೂರಿನಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೇ ದೆಹಲಿಗೆ ಒಯ್ದರೆ ಒಂದು ಕಿಲೋ ಬಂಗಾರ ಒಂದು ಗ್ರಾಂಗಿಂತ ಹೆಚ್ಚು ಬೆಳೆದಿರುತ್ತದೆ. ಅದಕ್ಕೇ ನಿಖರವಾದ ತಕ್ಕಡಿಗಳನ್ನು ಬಳಸುವ ಊರಿನಲ್ಲೇ ಬಟ್ಟಿಟ್ಟು ಹೊಂದಿಸುವುದು.)

ಇದರಿಂದಲೇ ಈ ವಿಧಾನದ ದೊಡ್ಡ ನಿಯಮ ಹುಟ್ಟುತ್ತದೆ: ಊಟಿಯಲ್ಲಿ ಕ್ಯಾಲಿಬ್ರೇಷನ್ ಗುಂಡಿ ಒತ್ತಬಾರದು. ತಕ್ಕಡಿಯ ಜೊತೆ ಬರುವ ಕೈಪಿಡಿ ಜಾಗ ಬದಲಿಸಿದಾಗಲೆಲ್ಲ ಒತ್ತಿ ಎನ್ನುತ್ತದೆ, ಒತ್ತಿದ ಕ್ಷಣ ನೀವು ಹುಡುಕಿಕೊಂಡು ಹೋದದ್ದು ಅಳಿಸಿಹೋಗುತ್ತದೆ. ಸೊನ್ನೆ ಮಾಡುವ ಗುಂಡಿ ಬೇರೆ, ಅದನ್ನು ಎಷ್ಟು ಸಲ ಬೇಕಾದರೂ ಒತ್ತಿ.

ತೂಗುವ ವಸ್ತು ಉಕ್ಕು ಅಥವಾ ಹಿತ್ತಾಳೆಯದ್ದಾಗಿರಲಿ. ಮುಚ್ಚಿದ ನೀರಿನ ಬಾಟಲಿ ಸಾಕಲ್ಲ ಎಂದು ಅನ್ನಿಸಬಹುದು. ಸಾಲದು, ಅದಕ್ಕೆ ಕಾರಣ ಗಾಳಿ. ನೀರಿನಂತೆ ಗಾಳಿಯೂ ತನ್ನೊಳಗಿನ ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಮಂಗಳೂರಿನ ಗಾಳಿ ಮೈಸೂರಿನದ್ದಕ್ಕಿಂತ ದಟ್ಟ, ಪ್ರತಿ ಘನಮೀಟರಿಗೆ ಸುಮಾರು 90 ಗ್ರಾಂ ಹೆಚ್ಚು. 200 ಗ್ರಾಂ ನೀರಿನ ಮೇಲೆ ಇದರ ಹೆಚ್ಚುವರಿ ತಳ್ಳು 0.018 ಗ್ರಾಂ, ಗುರುತ್ವದಿಂದ ಬರಬೇಕಾದ ಏರಿಕೆಯ ಅರ್ಧದ ಹತ್ತಿರ ಅದೇ ನುಂಗಿಬಿಡುತ್ತದೆ. ಅಷ್ಟೇ ತೂಕದ ಉಕ್ಕು ಜಾಗ ಹಿಡಿಯುವುದು ಎಂಟನೇ ಒಂದು ಪಾಲು, ಆದ್ದರಿಂದ ತಳ್ಳು 0.002 ಗ್ರಾಂ, ಮರೆತುಬಿಡಬಹುದು. ಕಲ್ಲು, ಮರ, ಬೆಲ್ಲದಚ್ಚು ಯಾವುದೂ ಬೇಡ, ಅವು ತೇವವನ್ನೂ ಕುಡಿಯುತ್ತವೆ. ಬಟ್ಟನ್ನು ಬರಿಗೈಯಲ್ಲಿ ಮುಟ್ಟದೆ ಕಾಗದದಿಂದ ಎತ್ತಿ. ಬೆವರು, ಎಣ್ಣೆಯ ಗುರುತೂ ಈ ಮಟ್ಟದಲ್ಲಿ ಲೆಕ್ಕಕ್ಕೆ ಬರುತ್ತದೆ.

ಈ ವಿಧಾನದ ನಿಜವಾದ ಶತ್ರು ಶಾಖ. ಅಗ್ಗದ ತಕ್ಕಡಿ ಚಳಿಯಲ್ಲಿ ಒಂದು, ಬಿಸಿಲಲ್ಲಿ ಒಂದು ತೋರಿಸಬಹುದು. ನಿಮ್ಮದು ಎಷ್ಟು ಚಂಚಲ ಎಂಬುದನ್ನು ಊರು ಬಿಡುವ ಮೊದಲೇ ತಿಳಿಯಬಹುದು. ಡಿಸೆಂಬರಿನ ಮುಂಜಾನೆ ಹಜಾರದಲ್ಲಿ ಒಮ್ಮೆ, ಅದೇ ದಿನ ಮಧ್ಯಾಹ್ನ ಒಮ್ಮೆ ಅದೇ ಬಟ್ಟನ್ನು ತೂಗಿ ನೋಡಿ. ಒಂದೇ ಹೆಜ್ಜೆ ಕದಲಿದರೆ ಊಟಿಗೆ ಧೈರ್ಯವಾಗಿ ಹೊರಡಿ. ನಾಲ್ಕೈದು ಹೆಜ್ಜೆ ಕದಲಿದರೆ ಆ ತಕ್ಕಡಿಯನ್ನು ಅಡುಗೆಮನೆಗೆ ಕೊಟ್ಟು ಬೇರೆಯದನ್ನು ಪರೀಕ್ಷಿಸಿ. ಫ್ರಿಜ್ಜಿನಲ್ಲಿಟ್ಟು ಪರೀಕ್ಷೆ ಮಾಡುವುದು ಬೇಡ, ಹೊರತೆಗೆದಾಗ ಹನಿಗಟ್ಟಿ ತೂಕವೇ ಕೆಡುತ್ತದೆ.

ಯಾರಿಗೆ ಯಾವುದು

ಊರು ಬಿಟ್ಟು ಕದಲುವ ಉದ್ದೇಶವಿಲ್ಲ, ಪಠ್ಯಪುಸ್ತಕದ 9.8 ನಮ್ಮೂರಿನದ್ದಲ್ಲ ಎಂದು ತೋರಿಸಿದರೆ ಸಾಕು ಎನ್ನುವವರಿಗೆ ಲೋಲಕ, ಅದೂ ಉದ್ದದ್ದು, ಎರಡು ಉದ್ದಗಳ ಉಪಾಯದೊಂದಿಗೆ. 9.78 ಮತ್ತು 9.80 ಬೇರೆ ಎಂದು ಎದೆತಟ್ಟಿ ಹೇಳಲು ಒಂದು ಮೀಟರಿನಲ್ಲಿ ಎರಡು ಮಿಲಿಮೀಟರಿಗಿಂತ ಸಾಕಷ್ಟು ಕಡಿಮೆ ತಪ್ಪಿರಬೇಕು, ತಾಳ್ಮೆ ಇದ್ದರೆ ಇದು ಸಾಧ್ಯ. ತೀರ್ಪುಗಾರರ ಎದುರು ವಿವರಿಸಲೂ ಇದೇ ಚೆಂದ, ಒಳಗೆ ಮುಚ್ಚಿಟ್ಟ ಎಲೆಕ್ಟ್ರಾನಿಕ್ ಚಿಪ್ ಯಾವುದೂ ಇಲ್ಲ. ನಾಳೆಯೇ ಏನಾದರೂ ತೋರಿಸಬೇಕಿದ್ದವರಿಗೆ ಮೊಬೈಲ್, ಜಿ ಬದಲಾಗುವುದನ್ನು ಅಳೆದೆ ಎಂದು ಮಾತ್ರ ಬರೆಯಬಾರದು. ಎರಡು ಊರುಗಳ ನಡುವೆ ಓಡಾಡುವವರಿಗೆ, ನೆಂಟರ ಕೈಲಿ ಪೆಟ್ಟಿಗೆ ಕಳಿಸಬಲ್ಲವರಿಗೆ ತಕ್ಕಡಿ. ಹಣವೂ ಹೊತ್ತೂ ಇದ್ದವರು ಎರಡನ್ನೂ ಮಾಡಲಿ: ಲೋಲಕದಿಂದ ಮೈಸೂರಿನ ಜಿ, ತಕ್ಕಡಿಯಿಂದ ಊಟಿಯ ಇಳಿಕೆ, ಎರಡನ್ನೂ ಕೂಡಿಸಿದರೆ ಊಟಿಯ ಜಿ.

ಊಟಿಗೆ ಹೊರಡುವವರು ಹಿಂದಿನ ರಾತ್ರಿಯೇ ತಕ್ಕಡಿಗೆ ಹೊಸ ಬ್ಯಾಟರಿ ಹಾಕಿ, ಮೈಸೂರಿನಲ್ಲಿ ಬಟ್ಟನ್ನು ಹತ್ತು ಸಲ ಇಟ್ಟು ತೆಗೆದು, ಪ್ರತಿ ಸಲವೂ ಸೊನ್ನೆ ನೋಡಿ, ಕೋಣೆಯ ಶಾಖದ ಜೊತೆ ಬರೆದಿಟ್ಟುಕೊಳ್ಳಲಿ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ, ಅದಕ್ಕೆ ತಕ್ಕಂತೆ ಬಸ್ ನೋಡಿಕೊಳ್ಳಿ. ಮೇಲೆ ತಲುಪಿದ ಮೇಲೆ ತಕ್ಕಡಿ, ಬಟ್ಟು ಎರಡನ್ನೂ ಚೀಲದಿಂದ ತೆಗೆದು ಗಾಳಿ ಬೀಸದ ಕೋಣೆಯ ಸಮತಟ್ಟಾದ ಕಲ್ಲಿನ ಮೇಲೆ ಒಂದು ಗಂಟೆ ಸುಮ್ಮನೆ ಬಿಡಿ. ಆಮೇಲೆ ಮತ್ತೆ ಹತ್ತು ಸಲ. ವಾಪಸು ಮೈಸೂರಿಗೆ ಬಂದು ಮೂರನೇ ಸಲ ತೂಗುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮೊದಲನೆಯದೂ ಮೂರನೆಯದೂ ಒಂದೇ ಆಗಿ ನಡುವಿನದ್ದು ಮಾತ್ರ ಆರರಿಂದ ಹತ್ತು ಹೆಜ್ಜೆ ಕೆಳಗಿದ್ದರೆ ನಿಮ್ಮ ಅಳತೆ ಗಟ್ಟಿ. ಬಂದ ಅಂಕಿ ಹತ್ತಕ್ಕಿಂತ ಆರರ ಹತ್ತಿರವಿದ್ದರೆ ನೀಲಗಿರಿಯ ಬಂಡೆ ತನ್ನ ಪಾಲಿನ ಸೆಳೆತವನ್ನು ವಾಪಸು ಕೊಟ್ಟಿದೆ ಎಂದರ್ಥ, ಹತ್ತರ ಹತ್ತಿರವಿದ್ದರೆ ಬೆಟ್ಟದ ಬುಡದಲ್ಲಿ, ಬಲು ಆಳದಲ್ಲಿ, ಸಾಂದ್ರತೆ ಕಡಿಮೆ ಇರುವ ಬಂಡೆ ಆ ಲಾಭವನ್ನು ಕಳೆಯುತ್ತಿರಬಹುದು. ಅದನ್ನು ತೀರ್ಮಾನಿಸಬೇಕೆನ್ನುವವರು ಮಿಲಿಗ್ರಾಂ ತಕ್ಕಡಿಗೆ ದುಡ್ಡು ಕೂಡಿಡಲು ಶುರು ಮಾಡಬಹುದು.